ಮುಚ್ಚಳದ ಒಳಮೈ

"ಆ ಗೀರು ಉಜ್ಜಿ ತೆಗೆಯಮ್ಮ ಎಡ್ಮೆ, ನಾಳೆ ಈ ವಾಚು ಮತ್ತೆ ಮಾರಾಟಕ್ಕೆ ಹೋಗ್ಬೇಕು," ಎನ್ನುತ್ತ ಮೇಲ್ವಿಚಾರಕ ಓಬೇರ್, ಐವತ್ತು ವರ್ಷ ಹಳೆಯ ಉಕ್ಕಿನ ವಾಚಿನ ಹಿಂಬದಿ ಮುಚ್ಚಳವನ್ನು ಅವಳ ಮೇಜಿಗೆ ತಳ್ಳಿದ.

ಮುಚ್ಚಳದ ಒಳಮೈಯಲ್ಲಿ ಎರಡು ಅಡ್ಡಗೆರೆ, ಒಂದು ಕೊಕ್ಕೆ. ಜೂರಾ ಬೆಟ್ಟಗಳ ಈ ವಾಚು ಕಾರ್ಖಾನೆಯಲ್ಲಿ, ಇದೇ ಕಿಟಕಿಯ ಪಕ್ಕ ಮೂವತ್ತು ವರ್ಷ ಉಕ್ಕು ಉಜ್ಜಿದ ಎಡ್ಮೆಯ ಅಮ್ಮ, ಮನೆಯಲ್ಲಿ ಬ್ರೆಡ್ ಬೇಯಿಸುವಾಗ ಅದರ ಮೇಲೂ ಚಾಕುವಿನಿಂದ ಇದೇ ಗುರುತು ಗೀರುತ್ತಿದ್ದಳು.

"ಇದು ನಮ್ಮಮ್ಮನ ಗುರುತು, ಸಾಹೇಬ್ರೆ."

"ಅದಕ್ಕೇನೀಗ? ವಾಚು ಮಾಡಿದೋರ ಹೆಸರು ಬರೆಯೋ ನಮ್ಮ ಪರಂಪರೆಯ ಪುಸ್ತಕದಲ್ಲಿ ಪಾಲಿಶ್ ಮಾಡೋರ ಹೆಸರೆಲ್ಲಿದೆ? ಉಜ್ಜು, ಇಲ್ದಿದ್ರೆ ಮನೆಗೆ ನಡಿ."

ಎಡ್ಮೆ ತಿರುಗುತ್ತಿದ್ದ ಪಾಲಿಶ್ ಚಕ್ರವನ್ನು ನಿಲ್ಲಿಸಿದಳು. ಉಕ್ಕಿನ ಸೂಜಿ ಹಿಡಿದು, ಆ ಗೀರಿನ ಪಕ್ಕದಲ್ಲೇ ಅಮ್ಮನ ಪೂರ್ತಿ ಹೆಸರನ್ನು ಆಳವಾಗಿ ಕೆತ್ತಿದಳು: ಜೆರ್ಮೇನ್ ರೋಶಾ. ಮುಚ್ಚಳವನ್ನು ಓಬೇರನ ಅಂಗೈಯಲ್ಲಿಟ್ಟು ಏಪ್ರನ್ ಬಿಚ್ಚಿದಳು.

"ತಗೊಳ್ಳಿ, ಪುಸ್ತಕಕ್ಕೆ ಇದನ್ನೂ ಬರ್ಕೊಳ್ಳಿ."