ಮೇಷ್ಟರ ದಿಕ್ಸೂಚಿ

ಮೂರನೆಯ ಸಲವೂ ಅದೇ ಹುತ್ತ ಎದುರಾದಾಗ ತಿಪ್ಪೇಶಪ್ಪ ಮೇಷ್ಟರು ನಿಂತಲ್ಲೇ ನಿಂತರು. ಇದು ಬೇರೆ ಹುತ್ತ ಇರಬಹುದು ಎಂದು ಸಮಾಧಾನ ಹೇಳಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಕಾಡಿಗೆ ಕಾಲಿಟ್ಟಾಗಿನಿಂದ ಹೆಂಡತಿ ಸಾವಂತ್ರಮ್ಮ ಹುತ್ತ ಕಂಡಲ್ಲೆಲ್ಲ ಒಂದು ಹೂ ಇಟ್ಟು ಕೈಮುಗಿಯುತ್ತ ಬಂದಿದ್ದಳು. ಇದರ ನೆತ್ತಿಯ ಮೇಲೆ ಆಗಲೇ ಎರಡು ಕಾಡುಹೂ ಕೂತಿದ್ದವು. ಒಂದು ಪೂರ್ತಿ ಬಾಡಿದ್ದು, ಇನ್ನೊಂದು ಅರೆಬಾಡಿದ್ದು. ಸಾವಂತ್ರಮ್ಮ ಏನೂ ಅರಿಯದವಳ ಹಾಗೆ ಮೂರನೆಯದನ್ನೂ ಇಟ್ಟಳು.

“ನಾಗಪ್ಪ ಇವತ್ತು ಹೊಟ್ಟೆ ತುಂಬ ಪೂಜೆ ಮಾಡಿಸ್ಕೊಂಡ ನೋಡ್ರಿ.”

ಈ ಫಜೀತಿಯನ್ನು ಮೈಮೇಲೆ ಎಳೆದುಕೊಂಡವರು ಮೇಷ್ಟರೇ. ಮೂವತ್ತೆಂಟನೇ ಇಸವಿಯ ಮಾಗಿ ಅದು. ಹಬ್ಬಕ್ಕೆಂದು ನ್ಯಾಮತಿ ಕಡೆಯ ತವರಿಗೆ ಬಂದಿದ್ದ ಹೆಂಡತಿ ಮೂರು ತಿಂಗಳಾದರೂ ಮೇಷ್ಟರ ಕೆಲಸದೂರಾದ ಜಗಳೂರಿಗೆ ಹೊರಡಲೊಲ್ಲಳು. “ಕೊಡ ನೀರಿಗೆ ಅರ್ಧ ದಿನ ನಿಲ್ಲೋ ಊರಿಗೆ ನಾ ಬರಾಕಿಲ್ಲ. ನೀವೇ ಈ ಕಡೆ ವರ್ಗ ಮಾಡಿಸ್ಕೊಂಡು ಬರ್ರಿ” ಎಂದು ಪಟ್ಟು ಹಿಡಿದಿದ್ದಳು. ಸ್ಕೌಟ್ ಕ್ಯಾಂಪು ಮುಗಿಸಿ ನೇರ ಮಾವನ ಮನೆಗೆ ಬಂದಿದ್ದ ಮೇಷ್ಟರು ಜೇಬಿನಿಂದ ಹಿತ್ತಾಳೆಯ ದಿಕ್ಸೂಚಿ ತೆಗೆದು ಎಲ್ಲರೆದುರು ಪಂದ್ಯ ಕಟ್ಟಿದರು. ಗಾಡಿದಾರಿ ಬಿಟ್ಟು, ಕಾಡಿನೊಳಗೆ ನಾಲ್ಕು ಹರದಾರಿ ನಡೆದು, ಯಾರನ್ನೂ ದಾರಿ ಕೇಳದೆ ಹೊನ್ನಾಳಿ ಮುಟ್ಟಿಸುತ್ತೇನೆ. ಮುಟ್ಟಿಸಿದರೆ ಅಲ್ಲಿಂದಲೇ ಬಸ್ಸು ಹತ್ತಿ ನನ್ನ ಜೊತೆ ಬರಬೇಕು, ತಪ್ಪಿದರೆ ನಾನೇ ವರ್ಗಕ್ಕೆ ಅರ್ಜಿ ಹಾಕುತ್ತೇನೆ. ಮಾವ ಗೋಣೆಪ್ಪ ಬಾಯಲ್ಲಿದ್ದ ಎಲೆಯಡಿಕೆ ಸಿಡಿಯುವಂತೆ ನಕ್ಕುಬಿಟ್ಟ. “ಆಗ್ಲಿ ಅಳಿಯಂದ್ರೇ. ಯಾವುದಕ್ಕೂ ರಾತ್ರಿ ನಿಮ್ಮ ಪಾಲಿನ ಅನ್ನ ಇಟ್ಟಿರ್ತೀವಿ!”

ಆ ನಗೆ ಈಗ ಕಿವಿಯೊಳಗೆ ಗುಂಯ್‌ಗುಡುತ್ತಿತ್ತು. ಮೇಷ್ಟರು ಮತ್ತೆ ದಿಕ್ಸೂಚಿಯನ್ನು ಅಂಗೈ ಮೇಲಿಟ್ಟುಕೊಂಡರು. ಪ್ರತಿ ಸಲದಂತೆ ಸಾವಂತ್ರಮ್ಮ ಸೊಂಟದ ಮೇಲಿನ ಬಟ್ಟೆಗಂಟಿನ ಸಮೇತ ಬಂದು, ಮೈಗೆ ಮೈ ತಾಗುವಷ್ಟು ಹತ್ತಿರ ನಿಂತು ಇಣುಕಿದಳು.

“ಏನಂತೈತ್ರೀ ನಿಮ್ಮ ಮುಳ್ಳು?”

“ಉತ್ತರ ಅತ್ಲಾಗೆ ಅಂತೈತೆ.”

“ಅತ್ಲಾಗೆ ಹೊತ್ತು ಇಳೀತೈತಲ್ರೀ! ಹೊತ್ತು ಇಳಿಯೋದು ಪಡುವಣದಾಗೆ ಅಂತ ನಮ್ಮವ್ವ ಹೇಳಿದ್ಲು. ಈಗ ಮೈಸೂರು ಸರ್ಕಾರದೋರು ಬದಲಾಯಿಸ್ಯಾರೇನು?”

“ಶಾಸ್ತ್ರ ಗೊತ್ತಿಲ್ಲದೋಳು ಸುಮ್ನಿರು” ಎಂದು ಗದರಿದರೂ ಮೇಷ್ಟರ ದನಿಯಲ್ಲಿ ಕಸುವಿರಲಿಲ್ಲ. ಕಾಲು ಸೋತು ಬಂಡೆಯ ಮೇಲೆ ಕುಕ್ಕರಿಸಿದರು. ದಿಕ್ಸೂಚಿಯನ್ನು ಪಕ್ಕಕ್ಕಿಟ್ಟರು. ಸಾವಂತ್ರಮ್ಮ ತುರುಬು ಬಿಗಿದುಕೊಳ್ಳಲೆಂದು ಗಂಟನ್ನು ಬಂಡೆಯ ಮೇಲಿಳಿಸಿದಳು. ಮುಳ್ಳು ಸರಕ್ಕನೆ ಅತ್ತ ತಿರುಗಿತು. ಮೇಷ್ಟರು ಗಂಟನ್ನು ಈ ಮಗ್ಗುಲಿಗೆ ಸರಿಸಿದರು. ಮುಳ್ಳು ಈ ಮಗ್ಗುಲಿಗೆ ಬಂತು. ಗಡಿಬಿಡಿಯಿಂದ ಗಂಟು ಬಿಚ್ಚಿದರೆ ಸೀರೆಗಳ ನಡುವೆ ಕಬ್ಬಿಣದ ರೊಟ್ಟಿ ಹಂಚು, ಗಟ್ಟಿ ಪೆಟ್ಟಿನದು, ಕರ್ರಗೆ ಹೊಳೆಯುತ್ತಿತ್ತು. ಕಬ್ಬಿಣ ಹತ್ತಿರವಿದ್ದರೆ ಮುಳ್ಳು ದಿಕ್ಕು ತಪ್ಪುತ್ತದೆಂದು ಕ್ಯಾಂಪಿನಲ್ಲಿ ಮೊದಲ ದಿನವೇ ಹೇಳಿದ್ದರು. ಅದು ನೆನಪಾದದ್ದು ಈಗ.

“ಹಂಚು! ಬೆಳಗ್ಗೆಯಿಂದ ನನ್ನನ್ನ ಕಾಡು ಸುತ್ತಿಸಿದ್ದು ಈ ಹಂಚು ಕಣೇ!”

“ಅದರ ಪಾಡಿಗೆ ಅದು ಗಂಟಿನಾಗೆ ಮಲಗಿತ್ತಪ್ಪ. ಅದನ್ನ ನಂಬ್ಕೊಂಡು ನಡೀರಿ ಅಂತ ನಿಮಗೆ ಹೇಳಿದ್ಯಾರು?”

“ನೀನು ಸೌದೆ ಆಯ್ದ ಕಾಡಲ್ವೇನೆ ಇದು? ದಾರಿ ತಪ್ಪೈತೆ ಅಂತ ಒಂದು ಮಾತು ಅನ್ನಬಾರದಿತ್ತಾ?”

“ಯಾರನ್ನೂ ಕೇಳಾಕಿಲ್ಲ ಅಂತ ಮೀಸೆ ತಿರುವಿದೋರು ನೀವು. ಕೇಳದೆ ಹೇಳಾಕೆ ನಂಗೇನು ಹುಚ್ಚೇ?”

ಮೇಷ್ಟರಿಗೆ ಸಿಟ್ಟು ಬರಲಿಲ್ಲ, ಅಳು ಬಂದ ಹಾಗಾಯಿತು. ಇವಳಿಲ್ಲದ ಆ ಭಣಭಣ ಮನೆ, ತಾವೇ ತಟ್ಟಿಕೊಂಡು ತಿಂದ ಸೀದ ರೊಟ್ಟಿ, ಈಗ ವರ್ಗ ಸಿಗುವವರೆಗೂ ಅದೇ ಪಾಡು. “ಸೋತೆ ಸಾವಂತ್ರಿ” ಎಂದರು ಮೆಲ್ಲಗೆ. “ನಡಿ, ನಿಮ್ಮಪ್ಪ ಇಟ್ಟಿರೋ ಅನ್ನ ಉಣ್ಣಾಣ.”

ಅವಳು ಗಂಡನ ಮುಖವನ್ನೊಮ್ಮೆ ದಿಟ್ಟಿಸಿದಳು. ಹಂಚನ್ನು ಮತ್ತೆ ಸೀರೆಯಲ್ಲಿ ಸುತ್ತಿ, ಗಂಟು ಎತ್ತಿ, ಬಿರಬಿರನೆ ಮುಂದೆ ನಡೆದಳು. ಮೇಷ್ಟರು ದಿಕ್ಸೂಚಿಯನ್ನು ಜೇಬಿಗೆ ತುರುಕಿ, ತಲೆ ತಗ್ಗಿಸಿ, ಅವಳ ಹಿಮ್ಮಡಿಯನ್ನೇ ನೋಡುತ್ತ ಹಿಂದೆ ಬಿದ್ದರು. ಮನಸ್ಸಿನಲ್ಲಿ ಅರ್ಜಿಯ ಒಕ್ಕಣೆ ನಡೆದಿತ್ತು. ‘ಮಹಾಸ್ವಾಮಿಯವರ ಸನ್ನಿಧಾನಕ್ಕೆ’ ಎಂದು ಶುರುಮಾಡಿದವರು, ಕಾರಣವೇನೆಂದು ಬರೆಯುವುದೋ ತಿಳಿಯದೆ ಅಲ್ಲೇ ಸಿಕ್ಕಿಕೊಂಡಿದ್ದರು. ಹಾಗೆಯೇ ಒಂದೂವರೆ ಹರದಾರಿ ಸಾಗಿತು.

ಮರಗಳು ತೆಳುವಾದವು. ಮೇಷ್ಟರು ತಲೆಯೆತ್ತಿದರೆ ಮಾವನ ಮನೆಯಿಲ್ಲ! ಕೆಳಗೆ ತುಂಗಭದ್ರೆ, ಹೊಳೆಯ ದಂಡೆಗೆ ಹೊನ್ನಾಳಿ.

“ಇದೇನೇ ಇದು?”

“ಕಾಣಾಕಿಲ್ವೇ? ಹೊನ್ನಾಳಿ. ದಾರಿನಾಗೆ ಯಾರನ್ನಾದ್ರೂ ಕೇಳಿದ್ರೇನು ನೀವು?”

“ಇಲ್ಲ...”

“ಮತ್ತೆ ಗೆದ್ರಿ ಬಿಡ್ರಿ. ಬಾಯಿ ಕಳಕೊಂಡು ನಿಂತ್ರೆ ಬಸ್ಸು ಹೋಗ್ತೈತೆ.”

ಊರು ಸೇರಿ ಬಸ್ಸಿನಲ್ಲಿ ಕೂತು ಉಸಿರು ಬಿಟ್ಟ ಮೇಲೆ ಮೇಷ್ಟರಿಗೆ ಒಂದು ಅನುಮಾನ ಹುಟ್ಟಿತು. ಹೆಂಡತಿಯ ಮಡಿಲಲ್ಲಿದ್ದ ಗಂಟನ್ನು ಬೆರಳಿನಿಂದ ತಟ್ಟಿದರು. ಠಣ್ ಎಂದಿತು.

“ಅಲ್ಲ ಸಾವಂತ್ರಿ, ನಾನು ಸೋಲ್ತೀನಂತ ನಿಂಗೆ ಮೊದಲೇ ಗೊತ್ತಿತ್ತಲ್ವಾ?”

“ಖಾತ್ರಿಯಾಗಿ.”

“ಮತ್ತೆ, ತವರಿನಾಗೇ ಉಳಿಯೋಳು ಇಂಥಾ ಭಾರದ ಹಂಚನ್ನ ಕಾಡು ತುಂಬ ಯಾಕೆ ಹೊತ್ಕೊಂಡು ತಿರುಗಿದೆ?”

ಸಾವಂತ್ರಮ್ಮ ಸೆರಗಿನ ತುದಿಯಿಂದ ಹಣೆಯ ಬೆವರೊರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು.

“ಮುಂಜಾನೆ ಗಂಟು ಕಟ್ಟುವಾಗ್ಲೇ ಇದನ್ನ ಕೇಳಿದ್ರೆ, ಗಾಡಿದಾರಿನಾಗೆ ಆರಾಮಾಗಿ ಬರಬೋದಿತ್ತಲ್ರೀ, ಮೇಷ್ಟ್ರೇ.”