ಜರಿಗಿಡಕ್ಕೆ ಸುರಿದ ತೀರ್ಥ

ತುಮಕೂರಿನ ಒಂದು ಅಪಾರ್ಟ್‌ಮೆಂಟಿನ ಮೇಲಿನ ಮಹಡಿ. ಮನೆಯಲ್ಲಿ ಇದ್ದವರು ಇಬ್ಬರೇ... ಅತ್ತೆ ವನಜಾಕ್ಷಮ್ಮ, ಸೊಸೆ ಅನುಪಮಾ.

ವನಜಾಕ್ಷಮ್ಮನವರ ಒಬ್ಬನೇ ಮಗ, ಅನುಪಮಾಳ ಗಂಡ, ಹೃದಯಾಘಾತದಿಂದ ತೀರಿಕೊಂಡಿದ್ದ. ಕೊಟ್ಟವನೇ ಕರೆದುಕೊಂಡ ಎಂದು ಬಂದವರೆಲ್ಲ ಸಮಾಧಾನ ಹೇಳಿ ಹೋಗಿದ್ದರು.

ಅವನು ಮುದ್ದಿನಿಂದ ಸಾಕಿದ್ದ ಒಂದು ಜರಿಗಿಡ ನಡುಮನೆಯ ಕಿಟಕಿಯ ಬಳಿ ಉಳಿದಿತ್ತು. ಫರ್ನ್ ಎನ್ನುತ್ತಾರಲ್ಲ, ಅದು.

ಹೂವಿಲ್ಲ, ಹಣ್ಣಿಲ್ಲ... ಬರೀ ಹಸಿರು ಗರಿಗಳು. ಮಳೆಕಾಡಿನ ನೆರಳಿನಲ್ಲಿ ಬೆಳೆಯುವ ಜಾತಿ. ತುಮಕೂರಿನ ಒಣಗಾಳಿಯಲ್ಲಿ ಅದನ್ನು ಉಳಿಸಿಕೊಳ್ಳುವುದು ಸುಲಭವಲ್ಲ.

ವನಜಾಕ್ಷಮ್ಮ ದಿನವೂ ಬೆಳಗ್ಗೆ ಪುಟ್ಟ ಕೃಷ್ಣನ ವಿಗ್ರಹಕ್ಕೆ ಹಾಲು, ಜೇನು, ಸಕ್ಕರೆಯ ಅಭಿಷೇಕ ಮಾಡುವರು. ಆ ನೀರನ್ನು ಯಾರೂ ತುಳಿಯಬಾರದು. ಸಿಂಕಿಗೆ ಚೆಲ್ಲಬಾರದು. ಗಿಡದ ಬುಡಕ್ಕೇ ಹಾಕಬೇಕು.

ಮೊದಲೆಲ್ಲ ಅದನ್ನು ಕೆಳಗಿನ ಹೊಂಗೆ ಮರಕ್ಕೆ ಹಾಕಿ ಬರುವುದು ಮಗನ ಕೆಲಸವಾಗಿತ್ತು. ಈಗ ಅವನಿಲ್ಲ. ವನಜಾಕ್ಷಮ್ಮನವರಿಗೆ ಮಂಡಿನೋವು, ಮೆಟ್ಟಿಲು ಇಳಿಯಲಾರರು.

ಅವರು ಆ ನೀರನ್ನು ಜರಿಗಿಡಕ್ಕೆ ಹಾಕತೊಡಗಿದರು. ಮಗನ ಗಿಡ... ಅದಕ್ಕೆ ದೇವರ ತೀರ್ಥಕ್ಕಿಂತ ಒಳ್ಳೆಯದು ಇನ್ನೇನಿದ್ದೀತು?

ಗರಿಗಳ ತುದಿ ಕಂದಿತು. ಅವರು ಇನ್ನೂ ಸ್ವಲ್ಪ ಹಾಲು ಸೇರಿಸಿದರು. ಗರಿಗಳು ಹಳದಿಯಾಗಿ ಉದುರಿದವು... ಇನ್ನಷ್ಟು ಸುರಿದರು.

“ಅವನನ್ನಂತೂ ಉಳಿಸಲಿಲ್ಲ ಕೃಷ್ಣಾ, ಇದನ್ನಾದರೂ ಉಳಿಸು” ಎಂದು ಪ್ರತಿದಿನ ಬೇಡಿಕೊಂಡರು.

ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಗಿ, ಫ್ಯಾನ್ ನಿಂತು, ಅವರಿಗೆ ಎಚ್ಚರವಾಯಿತು. ಬಚ್ಚಲಿನಲ್ಲಿ ನೀರಿನ ಸದ್ದು. ಹೋಗಿ ನೋಡಿದರೆ ಸೊಸೆ ಜರಿಗಿಡದ ಕುಂಡವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಿದ್ದಾಳೆ. ತಳದ ತೂತಿನಿಂದ ಹುಳಿವಾಸನೆಯ ಬೆಳ್ಳಗಿನ ನೀರು ಇಳಿಯುತ್ತಿದೆ...

“ಏನೇ ಇದು? ದೇವರ ತೀರ್ಥಾನ ಬಚ್ಚಲಿಗೆ ಬಿಡ್ತಿದ್ದೀಯಾ?”

ಅನುಪಮಾ ಬೆಚ್ಚಿದಳು.

“ಗಿಡ ಯಾಕೆ ಒಣಗ್ತಿದೆ ಅಂತ ಈಗ ಗೊತ್ತಾಯ್ತು ಬಿಡು. ನಿಂಗೆ ಬೇಡದಿದ್ರೆ ಹೇಳ್ಬೇಕಿತ್ತು. ನಂಗೆ ಉಳಿದಿರೋದು ಇದೊಂದೇ ಕಣೇ!”

ಆ ಮಾತು ಸೊಸೆಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಆದರೂ ಅವಳು ದನಿ ಏರಿಸಲಿಲ್ಲ.

“ಅತ್ತೆ... ಸ್ವಲ್ಪ ಕೆಳಗೆ ನೋಡಿ.”

ಕುಂಡದ ಕೆಳಗೆ ಬಕೆಟ್ ಇತ್ತು. ಬಚ್ಚಲಿನ ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

“ಪ್ರತಿ ಭಾನುವಾರ ನೀವು ಮಲಗಿದ ಮೇಲೆ ಹೀಗೆ ತೊಳೆದು, ಈ ನೀರನ್ನ ಕೆಳಗೆ ಹೊಂಗೆ ಮರಕ್ಕೆ ಹಾಕಿ ಬರ್ತೀನಿ. ಯಾರೂ ತುಳಿಯೋ ಜಾಗ ಅಲ್ಲ ಅತ್ತೆ.”

ವನಜಾಕ್ಷಮ್ಮ ಬಗ್ಗಿ ಬಕೆಟ್ಟಿನೊಳಗೆ ನೋಡಿದರು.

“ಹಾಲು, ಸಕ್ಕರೆ ಬೇರಿನಲ್ಲಿ ನಿಂತು ಕೊಳೀತಿದೆ. ನಾನು ತೊಳೆದ್ರೂ ಸಾಲ್ತಿಲ್ಲ. ಇದಕ್ಕೆ ಬರೀ ನೀರು ಸಾಕು... ಮಣ್ಣಿನ ಮೇಲ್ಭಾಗ ಒಣಗ್ತಾ ಬಂದಾಗ ಒಂದಿಷ್ಟು. ನೇರ ಬಿಸಿಲು ಬೇಡ, ಗಾಳೀಲಿ ತೇವ ಇರ್ಬೇಕು, ಅಷ್ಟೇ.”

“ನಂಗ್ಯಾಕೆ ಹೇಳ್ಲಿಲ್ಲ ನೀನು?”

“ಹೇಗೆ ಹೇಳ್ಲಿ? ಆ ತೀರ್ಥ ಹಾಕೋವಾಗ ಮಾತ್ರ ನಿಮ್ಮ ಮುಖದಲ್ಲಿ ನೆಮ್ಮದಿ ಕಾಣ್ತಿತ್ತು...”

ವನಜಾಕ್ಷಮ್ಮ ಬಾಗಿಲ ಹೊಸ್ತಿಲಿನ ಮೇಲೇ ಕುಳಿತರು. ಸೆರಗಿನಿಂದ ಮುಖ ಒರೆಸಿಕೊಂಡರು.

“ಇದಕ್ಕೇನು ಬೇಕು ಅಂತ ನಾನು ಯೋಚ್ನೇನೇ ಮಾಡ್ಲಿಲ್ಲ ಅನು. ನಿನ್ನನ್ನೂ ಕೇಳಿದವಳಲ್ಲ. ನಿನ್ನ ತಟ್ಟೆಗೂ ಹೀಗೇ ತುಪ್ಪ ಸುರಿದೆ, ಮನೆಕೆಲಸ ಮಾಡ್ಬೇಡ ಅಂದೆ... ನಿಂಗೇನು ಬೇಕು ಹೇಳಮ್ಮ.”

ಅನುಪಮಾ ನಲ್ಲಿ ನಿಲ್ಲಿಸಿದಳು.

“ಅವರ ಹೆಸರು ಹೇಳಿ ಅತ್ತೆ.”

“ಏನು?”

“ನಾನು ಅಳ್ತೀನಿ ಅಂತ ನೀವು ಅವರ ಹೆಸರೆತ್ತಲ್ಲ, ನೀವು ಅಳ್ತೀರಿ ಅಂತ ನಾನೂ ಎತ್ತಲ್ಲ. ಈ ಮನೇಲಿ ಅವರು ಇದ್ದಿದ್ದೇ ಸುಳ್ಳೇನೋ ಅನ್ನಿಸ್ತಿದೆ ನಂಗೆ...”

ಭಗವಂತನ ಸಾವಿರ ನಾಮಗಳನ್ನು ದಿನವೂ ತಪ್ಪದೆ ಹೇಳುವ ನಾಲಿಗೆ... ಆ ಒಂದು ಹೆಸರಿಗೆ ತಡವರಿಸಿತು.

“ಶ್ರೀವತ್ಸ...” ಎಂದರು. ಮತ್ತೊಮ್ಮೆ, “ನಮ್ಮ ಶ್ರೀವತ್ಸ...”

ಅತ್ತೆ ಸೊಸೆ ಇಬ್ಬರೂ ಬಾಯಿ ಬಿಟ್ಟು ಅತ್ತರು. ಅವನನ್ನು ಕಳಿಸಿಕೊಟ್ಟ ಮೇಲೆ ಒಟ್ಟಿಗೆ ಅತ್ತದ್ದು ಅಂದೇ.

ಅಳು ತಗ್ಗಿದ ಮೇಲೆ ವನಜಾಕ್ಷಮ್ಮ ಹೇಳಿದರು: “ಸ್ನಾನಕ್ಕೆ ಹೋಗೋವಾಗ ಈ ಕುಂಡಾನೂ ಬಚ್ಚಲಿಗೆ ಎತ್ಕೊಂಡು ಹೋಗ್ತಿದ್ದ, ನೆನಪಿದ್ಯಾ? ಬಿಸಿನೀರಿನ ಹಬೆ ಇದಕ್ಕೆ ಒಳ್ಳೇದಂತೆ! ‘ಏನೋ, ಇದಕ್ಕೂ ಮಡಿ ಮಾಡಿಸ್ತಿದ್ದೀಯಾ’ ಅಂತಿದ್ದೆ.”

“‘ಇಬ್ರಿಗೂ ಒಂದೇ ಟವೆಲ್ಲಾ’ ಅಂತ ನಾನು ಕೇಳ್ತಿದ್ದೆ ಅತ್ತೆ!”

ಮೂಗು ಒರೆಸಿಕೊಳ್ಳುತ್ತಲೇ ಇಬ್ಬರೂ ನಕ್ಕರು.

ಆ ಸಂಜೆ ಇಬ್ಬರೂ ಸೇರಿ ಕೊಳೆತ ಬೇರನ್ನು ಕತ್ತರಿಸಿ, ಒಣಗಿದ ಗರಿಗಳನ್ನು ಬುಡದಿಂದ ತೆಗೆದು, ಹೊಸ ಮಣ್ಣಿಗೆ ಗಿಡ ನೆಟ್ಟರು. ಗಿಡದಲ್ಲಿ ಅರ್ಧ ಸತ್ತಿತ್ತು. ಅರ್ಧ ಉಳಿಯಿತು.

ಅಭಿಷೇಕದ ನೀರನ್ನು ಈಗ ಅನುಪಮಾ ಆಫೀಸಿಗೆ ಹೋಗುವಾಗ ಹೊಂಗೆ ಮರಕ್ಕೆ ಹಾಕಿ ಹೋಗುತ್ತಾಳೆ.

ಅವಳು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಒಳಗಿನಿಂದ ಅತ್ತೆಯ ದನಿ ಕೇಳುತ್ತದೆ: “ಬೇಗ ಕೈಕಾಲು ತೊಳ್ಕೊಂಡು ಬಾರೇ... ಶ್ರೀವತ್ಸಂದು ಇನ್ನೊಂದು ಕತೆ ನೆನಪಾಯ್ತು!”

*

ಅಕ್ಕರೆಯಿಂದ ಸುರಿಯುವ ಮೊದಲು, ಏನು ಬೇಕೆಂದು ಒಮ್ಮೆ ಕೇಳಬೇಕು.

ನಿಮ್ಮ ಮನೆಯಲ್ಲಿ... ಯಾರ ಹೆಸರು ಹೇಳುವುದನ್ನು ನಿಲ್ಲಿಸಿದ್ದೀರಿ?