ಒಂದೇ ಬಾಗಿಲಿಗೆ ಮೂರು ಕಾವಲು

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಗುರುವಾರ, ದೀಪ ಹಚ್ಚುವ ಹೊತ್ತು. ಬೀಗದಜ್ಜ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಪರದೆಯನ್ನು ಕನ್ನಡಕದ ಒಳಗಿಂದ ಒಮ್ಮೆ, ಮೇಲಿಂದ ಒಮ್ಮೆ ನೋಡಿದ. ಹಳೆಯ ಆಂಟಿವೈರಸ್ಸಿನ ಅವಧಿ ಮುಗಿದು, ಬೆಳಗ್ಗೆಯಿಂದ ಅಲ್ಲೊಂದು ಕೆಂಪು ಚೌಕ 'ನಿಮಗೆ ರಕ್ಷಣೆಯಿಲ್ಲ, ನಿಮಗೆ ರಕ್ಷಣೆಯಿಲ್ಲ' ಎಂದು ಜಪ ಮಾಡುತ್ತಿತ್ತು. ಬೀದಿಯ ಬಾಗಿಲುಗಳಿಗೆಲ್ಲ ಬೀಗ ಕೂರಿಸಿ ತಲೆ ನರೆತವನಿಗೆ ಇಂಥ ಮಾತು ಕೇಳುವ ಗತಿ ಬಂತಲ್ಲ ಎಂದು ಅವನಿಗೆ ಮಧ್ಯಾಹ್ನದ ಊಟವೇ ಸೇರಿರಲಿಲ್ಲ.

"ಯಾವುದು ಹಾಕಿದ್ರಿ ಕೊನೆಗೆ?" ಅಜ್ಜಿ ಕೈ ಒರೆಸಿಕೊಳ್ಳುತ್ತ ಬಂದಳು.

"ಮೂರೂ ಹಾಕಿದೆ. ಗುರಾಣಿಯ ಗುರುತಿಂದು, ಗೂಬೆಯದು, ನಾಯಿಯದು. ಮೊದಲ ತಿಂಗಳು ಮೂರೂ ಬಿಟ್ಟಿ."

"ಅಂಗಡಿಯವನು ಎದುರಿಗಿಲ್ಲ ಅಂತ ಬಾಚ್ಕೊಂಡ್ರಾ? ಆರಿಸೋಕೆ ಬರಲಿಲ್ಲ ಅಂತ ಹೇಳಿ."

"ಇದು ಕಸುಬು ಕಣೇ, ನಿನಗೆ ತಿಳಿಯಲ್ಲ," ಎಂದ ಅಜ್ಜ. ಒಂದು ಬಾಗಿಲಿಗೆ ಒಂದೇ ಕಂಪನಿಯ ಎರಡು ಬೀಗ ಹಾಕಬಾರದು. ಒಂದರ ಗುಟ್ಟು ತಿಳಿದವನಿಗೆ ಇನ್ನೊಂದೂ ಬಾಯಿ ಬಿಡುತ್ತದೆ. ಬೇರೆ ಬೇರೆಯವರದ್ದಾದರೆ ಕಳ್ಳ ಪ್ರತಿ ಬೀಗಕ್ಕೂ ಹೊಸದಾಗಿ ಬೆವರಬೇಕು. ಇದು ಅಜ್ಜ ಕೈಯಾರೆ ಕಲಿತದ್ದು. ಹೇಳುವಾಗ ಎದೆ ತುಸು ಉಬ್ಬಿಯೂ ಇತ್ತು.

"ಆಯ್ತು, ಏಳಿ, ಏಳಿ. ಅಕ್ಕ ಕಾಯ್ತಿರ್ತಾಳೆ."

ಅಜ್ಜಿಯ ಅಕ್ಕನಿಗೆ ಹುಟ್ಟಿನಿಂದಲೂ ಕಿವಿ ಕೇಳದು, ಮಾತು ಬಾರದು. ಚಿಕ್ಕಂದಿನಲ್ಲಿ ಅಕ್ಕತಂಗಿಯರು ಸೇರಿ ಕಟ್ಟಿಕೊಂಡ ಕೈಸನ್ನೆಯೇ ಅವರ ಭಾಷೆ. ಮನೆಗಿದ್ದದ್ದು ಒಂದೇ ಫೋನು, ಅದೂ ಗುಂಡಿ ಒತ್ತುವಂಥದ್ದು. ಹಾಗಾಗಿ ಪ್ರತಿ ಗುರುವಾರ ಈ ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡೇ ಅವರ ಮಾತುಕತೆ. ಶನಿವಾರ ಅಕ್ಕನ ಕಣ್ಣಿನ ಪೊರೆ ತೆಗೆಯುವವರಿದ್ದರು. ಕಿವಿ ಇಲ್ಲದವಳ ಕಣ್ಣಿಗೂ ಪಟ್ಟಿ ಕಟ್ಟುತ್ತಾರೆಂದರೆ ಜೀವ ಎಷ್ಟು ಹೆದರಿರಬೇಡ! ಧೈರ್ಯ ಹೇಳಲು ಉಳಿದದ್ದು ಇದೊಂದೇ ಸಂಜೆ.

ಅಕ್ಕನ ಮುಖ ಪರದೆಯ ಮೇಲೆ ಬಂತು. ಆದರೆ ಮೂಲೆಯಲ್ಲಿ ಅಜ್ಜಿಯ ಮುಖ ಕಾಣಬೇಕಾದ ಕಡೆ ಬರೀ ಕಪ್ಪು. 'ಯಾರೋ ಕ್ಯಾಮೆರಾ ಬಳಸಲು ನೋಡುತ್ತಿದ್ದಾರೆ, ತಡೆದಿದ್ದೇವೆ' ಎಂದಿತು ಗುರಾಣಿ. ಬಿಡಪ್ಪಾ, ನಮ್ಮವಳೇ ಎಂದು ಅಜ್ಜ ಒತ್ತಿದ. ಗುರಾಣಿ ಬಿಟ್ಟಿತು, ಗೂಬೆ ಹಿಡಿಯಿತು. ಗೂಬೆಯನ್ನು ಒಪ್ಪಿಸುವಷ್ಟರಲ್ಲಿ ನಾಯಿ ಎದ್ದು, ಗೂಬೆಯೇ ಕಳ್ಳ ಎಂದು ಅದನ್ನು ಕಟ್ಟಿಹಾಕಿತು. ಅಜ್ಜನ ಹಣೆಯಲ್ಲಿ ಆ ಚಳಿಯಲ್ಲೂ ಬೆವರು. ಪ್ರತಿ ಬೀಗಕ್ಕೂ ಹೊಸದಾಗಿ ಬೆವರುತ್ತಿದ್ದವನು ತಾನೇ ಎಂದು ಅವನಿಗೆ ಆಗಲೇ ಹೊಳೆದು, ಅಳುವುದೋ ನಗುವುದೋ ತಿಳಿಯಲಿಲ್ಲ.

ಅತ್ತ ಅಕ್ಕ ಅಂಗೈಯಿಂದ ಕಣ್ಣುಜ್ಜಿಕೊಂಡು, ಬೆರಳುಗಳನ್ನು ಗಾಳಿಯಲ್ಲಿ ಬಿಡಿಸುತ್ತಿದ್ದಳು. ಇತ್ತ ಅಜ್ಜಿ ಕುರುಡು ಕ್ಯಾಮೆರಾದ ಮುಂದೆ ಎರಡೂ ಕೈ ಬೀಸುತ್ತಿದ್ದಳು.

"ಏನಂತೆ ಅವರದ್ದು?" ಅಜ್ಜ ಮೆಲ್ಲಗೆ ಕೇಳಿದ.

"'ನೀನಿರೋ ಕಡೆ ಬರೀ ಕತ್ತಲೆ, ನನ್ನ ಕಣ್ಣು ಈಗಲೇ ಹೋಯ್ತಾ' ಅಂತ ಕೇಳ್ತಿದ್ದಾಳೆ."

ಅಷ್ಟರಲ್ಲಿ ಪರದೆ ಪೂರ್ತಿ ನಿಂತುಹೋಯಿತು. ಅಕ್ಕನ ಕೈ ಅರ್ಧ ಮಾತಿನಲ್ಲಿ ಹಾಗೇ ಉಳಿಯಿತು.

ಅಜ್ಜ ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿದ. ಕತೆ ಕೇಳಿ ಆತ ನಕ್ಕ. "ಒಂದೇ ಗೇಟಿಗೆ ಮೂರು ಜನ ಕಾವಲುಗಾರರನ್ನ ನಿಲ್ಸಿದ್ದೀರಿ ಯಜಮಾನ್ರೇ. ಒಬ್ಬರ ಕತ್ತುಪಟ್ಟಿ ಒಬ್ಬರು ಹಿಡ್ಕೊಂಡಿದ್ದಾರೆ. ಕಳ್ಳ, ಪಾಪ, ಬಂದೇ ಇಲ್ಲ. ನಾಳೆ ಮಧ್ಯಾಹ್ನ ಬರ್ತೀನಿ."

ಅಜ್ಜಿ ಆಗಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.

"ನಾಳೆ ಸರಿ ಮಾಡ್ತಾನಂತೆ ಕಣೇ."

"ಅಲ್ಲೀತನಕ ಅವಳು ಹೆದರಿಕೊಂಡು ಕೂತಿರ್ಬೇಕಾ? ನಿಮ್ಮನೆಗೆ ಕಳ್ಳರು ಬರಲ್ಲ ಬಿಡಿ, ಮನೆಯವರಿಗೇ ಹೊರಗೆ ಮುಖ ತೋರಿಸೋಕಾಗಲ್ಲ." ಬೆಳಗಾಗುವ ಮೊದಲೇ ಎದ್ದು, ಮೊದಲ ಬಸ್ಸು ಹಿಡಿದು ಹೊರಟೇಹೋದಳು.

ರಿಪೇರಿಯವನು ಬಂದವನು, "ಎರಡು ತೆಗೀತೀನಿ. ಯಾವುದನ್ನ ಇಟ್ಕೋತೀರಿ?" ಎಂದ. ಅಜ್ಜ ಗುರಾಣಿ ನೋಡಿದ, ಗೂಬೆ ನೋಡಿದ, ನಾಯಿ ನೋಡಿದ. "ನೀನೇ ಯಾವುದಾದ್ರೂ ಇಡಪ್ಪಾ. ನನ್ನ ಕಸುಬು ಹೋದ ಗುರುವಾರ ಮುಗೀತು," ಎಂದ. ಹೋದ ಗುರುವಾರ ಅಂದರೆ ನಿನ್ನೆಯೇ ಎಂದು ರಿಪೇರಿಯವನು ನೆನಪಿಸಲಿಲ್ಲ.

ಮುಂದಿನ ಗುರುವಾರ ದೀಪ ಹಚ್ಚುವ ಹೊತ್ತಿಗೆ ಪರದೆಯ ಮೇಲೆ ಅಕ್ಕತಂಗಿಯರಿಬ್ಬರೂ ಒತ್ತಿಕೊಂಡು ಕೂತಿದ್ದರು. ಅಕ್ಕನಿಗೆ ಕಪ್ಪು ಕನ್ನಡಕ, ಮುಖದ ತುಂಬ ನಗು. ಆ ಕಡೆಯ ಕಂಪ್ಯೂಟರಿಗೆ ಶಬ್ದದ ಸೌಕರ್ಯವೇ ಇಲ್ಲ, ಕಿವಿ ಕೇಳದವಳಿಗೆ ಅದೇಕೆ? ಇಬ್ಬರೂ ಕೈಯಲ್ಲೇ ಏನೋ ಆಡಿಕೊಳ್ಳುತ್ತ, ನಡುನಡುವೆ ಅಜ್ಜನ ಕಡೆ ಬೆರಳು ತೋರಿಸಿ ನಕ್ಕರು. ತನ್ನ ಮೂರು ಕಾವಲಿನ ಕತೆಯೇ ಇರಬೇಕು ಎಂದುಕೊಂಡು ಅವನೂ ನಕ್ಕ. ಆಮೇಲೆ ಬಾಯಿ ದೊಡ್ಡದಾಗಿ ತೆರೆದು, ಒಂದೊಂದೇ ಅಕ್ಷರ ಬಿಡಿಸಿ ಕೇಳಿದ: "ಯಾವತ್ತು ಬರ್ತೀಯಾ?"

ಶುಕ್ರವಾರ ಹೋದವಳು ಬರುವ ದಿನವನ್ನು ಎರಡೂ ಕೈ ಎತ್ತಿ, ನಿಧಾನವಾಗಿ, ಎರಡೆರಡು ಸಲ ಹೇಳಿದಳು. ಇಷ್ಟು ವರ್ಷದ ಸಂಸಾರದಲ್ಲಿ ಆ ಭಾಷೆಯ ಒಂದು ಬೆರಳನ್ನೂ ಕಲಿಯದ ಅಜ್ಜ, ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದ.